ಕಟ್ಟದ ಕೆಳಗೆ

9 ಮಾರ್ಚ್ 1983, ಬುಧವಾರ

ನಾಲ್ಕನೇ ಬ್ಲಾಕಿಗೆ ಸ್ಪ್ರಿಂಕ್ಲರ್ ಮುಗಿಯಿತು. ಐದಕ್ಕೆ ಪೈಪು ಹೊರಿಸಿದ್ದಾಯಿತು. ರೊಬಸ್ಟಾ ಕಾಫಿಯ ಮೊಗ್ಗು ಹಾಗೇ ನಿಂತಿದೆ. ಹೂಮಳೆಯ ಸುಳಿವಿಲ್ಲ. ಹಳ್ಳಕ್ಕೆ ಅಡ್ಡ ಹಾಕಿಸಿದ ಕಟ್ಟ — ಮರಳುಚೀಲ, ಬಿದಿರು, ಕೆಮ್ಮಣ್ಣು — ತುಂಬಿಕೊಂಡಿದೆ. ಅದರ ಕೆಳಗೆ ಹಳ್ಳವೆಂಬುದೇ ಇಲ್ಲ. ಬರೀ ಕಲ್ಲು.

ತೋಟದ ಆಳು-ಲೆಕ್ಕ ನೋಡುವ ರೈಟರ್ ಏಕಾಂತಯ್ಯನಿಗೆ ಮತ್ತೊಮ್ಮೆ ಹೇಳಿದೆ. ಮಳೆ ಬಿದ್ದ ಕೂಡಲೇ ಕಟ್ಟ ಕಡಿಸಬೇಕು. ನನ್ನನ್ನು ಕೇಳಲು ಕಾಯಬಾರದು. ಹೋದ ವರ್ಷ ಕಾದೆವು; ಕಟ್ಟ ತಾನಾಗಿ ಒಡೆದು ಪಂಪು ಶೆಡ್ಡಿನ ಸಮೇತ ಕೊಚ್ಚಿಹೋಯಿತು.

"ನೀವು ಹೇಳಿದ್ ಮ್ಯಾಲೆ ಮುಗೀತು ಬುಡಿ ಸಾಯೇಬ್ರೆ. ಯಾರ್ ಅಡ್ಡ ಬಂದ್ರೂ ಕಡಿಸ್ಬುಡ್ತೀನಿ," ಎಂದ.

ಪೆಟ್ರೀಷಿಯಾಳ ತಮ್ಮ ನಾಳೆ ಬರುತ್ತಾನೆ. ಅವಳು ಮೀನು ತರಿಸಿದ್ದಾಳೆ. ಮನೆಯಲ್ಲಿ ಎರಡು ದಿನ ಮಾತು ಇರುತ್ತದೆ.

10 ಮಾರ್ಚ್, ರಾತ್ರಿ ಊಟದ ನಂತರ

ಆಲ್ಬನ್ ದೋಣಿಗಲ್‌ನಲ್ಲಿ ಬಸ್ಸಿಳಿದು ನಡೆದೇ ಬಂದ. ಮಂಗಳೂರಿನಲ್ಲಿ ಬ್ಯಾಂಕಿನ ಕೆಲಸ. ನೀರು ಕಂಡರೆ ಅಂಗಿ ಬಿಚ್ಚುವವನು.

"ಎಂತ ಬಾವಾ, ಇಷ್ಟು ವರ್ಷ ಈ ಕಾಡಲ್ಲಿ ಕೂತು ಒಂದು ಜಲಪಾತ ತೋರಿಸ್ಲಿಲ್ಲ ಮಾರಾಯ್ರೆ ನೀವು!"

ತೋರಿಸಲು ಏನಿದೆ ಎಂದೆ.

"ಅವರಿಗೆ ಇಲ್ಲಿರುವುದು ಯಾವುದೂ ಕಾಣುವುದಿಲ್ಲ ಆಲ್ಬನ್. ನಾನೂ ಸೇರಿ," ಎಂದಳು ಪೆಟ್ರೀಷಿಯಾ. ಸಾರು ಬಡಿಸುತ್ತಾ, ಹಗುರವಾಗಿ. ಸಾರು ಚೆನ್ನಾಗಿತ್ತು.

ಶನಿವಾರ ಎಡಕುಮೇರಿಗೆ ಹೋಗುವುದೆಂದಾಯಿತು. ರೈಲು ಹಳಿಯ ಮೇಲೆ ನಡೆದು. ರಾತ್ರಿ ಸ್ಟೇಷನ್‌ನಲ್ಲಿ ಮಲಗಿ ಭಾನುವಾರ ಸಂಜೆ ವಾಪಸು. ಪೆಟ್ರೀಷಿಯಾಳಿಗೆ, ಏಕಾಂತಯ್ಯನಿಗೆ ಹಾಗೆಂದೇ ಹೇಳಿದ್ದೇನೆ. ಸಾಮಾನು ಹೊರಲು ಪಂಪು ನಡೆಸುವ ಕುಳ್ಳಯ್ಯ.

12 ಮಾರ್ಚ್, ಶನಿವಾರ, ಬೆಳಿಗ್ಗೆ

ಬಂಡೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಪೆನ್ಸಿಲ್. ಹಳಿಯ ಮೇಲೆ ನಡೆದದ್ದು ಮೊದಲ ಸೇತುವೆಯವರೆಗೆ ಮಾತ್ರ. ಆಲ್ಬನ್ ಸೇತುವೆಯಿಂದ ಕೆಳಗೆ ಬಗ್ಗಿ ನೋಡಿದ. ನಮ್ಮದೇ ಹಳ್ಳ, ಕಣಿವೆಗೆ ಇಳಿಯುವ ಜಾಗ. ಮಳೆಗಾಲದಲ್ಲಿ ಇಲ್ಲಿ ನೀರಿನ ಸದ್ದಿಗೆ ಮಾತು ಕೇಳಿಸದು. ಈಗ ಬಂಡೆಯ ಮೈಮೇಲೆ ಒಂದು ದಾರದಷ್ಟು.

"ಎಡಕುಮೇರಿಗೆ ಇದರೊಳಗೇ ಇಳಿದು ಹೋಗ್ಲಿಕ್ಕೆ ಆಗುವುದಿಲ್ವಾ?"

"ಯಾಕಾಗಲ್ಲ? ನಮ್ಮಪ್ಪನ ಜತೆ ಜೇನು ಕೀಳಕ್ಕೆ ಬಂದಿವ್ನಿ ಕಣ್ರೀ. ಕಣ್ಣು ಕಟ್ಬುಟ್ರೂ ಕರ್ಕಂಡೋಯ್ತೀನಿ," ಎಂದ ಕುಳ್ಳಯ್ಯ.

"ಕಣ್ಣು ಬಿಟ್ಟುಕೊಂಡೇ ಹೋಗುವ ಮಾರಾಯ."

ನಾನು ಒಪ್ಪಿದೆ. ಬೇಡವೆನ್ನಲು ಹೆಚ್ಚು ಮಾತಾಡಬೇಕಾಗಿತ್ತು.

ಕುಳ್ಳಯ್ಯನ ಹೊರೆಯಲ್ಲಿದ್ದ ಹಗ್ಗವನ್ನು ಮರಕ್ಕೆ ಸುತ್ತು ತಂದು, ಎರಡೂ ಎಳೆ ಹಿಡಿದು ಬಂಡೆಗೆ ಪಾದ ಕೊಟ್ಟು ಇಳಿಯುವುದು. ಎಲ್ಲರೂ ಇಳಿದ ಮೇಲೆ ಒಂದು ಎಳೆ ಜಗ್ಗಿದರೆ ಹಗ್ಗ ಕೆಳಗೆ ಬರುತ್ತದೆ. ಎರಡು ಜಲಪಾತ ಹೀಗೆ ಇಳಿದೆವು. ಹಗ್ಗ ಬಿದ್ದ ಮೇಲೆ ಯಾರೂ ಮೇಲೆ ನೋಡಲಿಲ್ಲ.

ಪ್ರತಿಯೊಂದರ ಬುಡದಲ್ಲೂ ಕೊಳ. ನೀರು ಕಲ್ಲನ್ನು ಕೊರೆದು ದುಂಡಗೆ ಮಾಡಿದ್ದು. ಹಸಿರು. ಎಷ್ಟು ತಿಳಿಯೆಂದರೆ ತಳದಲ್ಲಿ ಬಿದ್ದ ಎಲೆಯ ನೆರಳೂ ಕಾಣುತ್ತದೆ. ಆಲ್ಬನ್ ಮೇಲಿಂದಲೇ ಹಾರುತ್ತಾನೆ. ಕೂಗುತ್ತಾನೆ. ಗೋಡೆ ತಿರುಗಿ ಕೂಗುತ್ತದೆ. ನನಗೆ ಈಜು ಬಾರದು. ಅವನು ಆಚೆ ಹಗ್ಗ ಬಿಗಿಯುತ್ತಾನೆ. ಹಿಡಿದುಕೊಂಡು ದಾಟುತ್ತೇನೆ, ಗಲ್ಲ ಮೇಲೆತ್ತಿ. ಬುತ್ತಿ, ಈ ಪುಸ್ತಕ — ಕುಳ್ಳಯ್ಯನ ತಲೆಯ ಮೇಲೆ.

"ಸಾಯೇಬ್ರು ಎಮ್ಮೆ ಬಂದಂಗೆ ಬತ್ತಾವ್ರೆ," ಎಂದ ಕುಳ್ಳಯ್ಯ ಆಲ್ಬನ್‌ಗೆ, ಮೆಲ್ಲಗೆ.

"ಎಮ್ಮೆಗೆ ಈಜು ಬರ್ತದೆ ಮಾರಾಯ."

ಕೇಳಿಸದವನಂತೆ ಇದ್ದೆ. ತಲೆಯ ಮೇಲೆ ಆಕಾಶ ಒಂದು ಪಟ್ಟಿ. ಚೆನ್ನಾಗಿದೆ ಎನ್ನಿಸಿತು. ಹೇಳಲಿಲ್ಲ.

ಅದೇ ದಿನ, ಮಧ್ಯಾಹ್ನ

ಮೂರನೆಯದನ್ನು ಇಳಿದೆವು. ಎಲ್ಲಕ್ಕಿಂತ ಎತ್ತರದ್ದು. ಹಗ್ಗದ ತುದಿ ನೆಲ ಮುಟ್ಟಲಿಲ್ಲ, ಕೊನೆಗೆ ನೀರಿಗೆ ಬಿಟ್ಟುಕೊಳ್ಳಬೇಕಾಯಿತು. ಕುಳ್ಳಯ್ಯ ನನ್ನ ಅಂಗಿ ಹಿಡಿದು ಮರಳಿಗೆ ಎಳೆದ. ಆಲ್ಬನ್‌ಗೆ ಇಳಿಯುವ ತಾಳ್ಮೆ ಇರಲಿಲ್ಲ. ಅರ್ಧಕ್ಕೇ, ಒಂದೇ ಎಳೆ ಹಿಡಿದು ಹಾರಿದ; ಹಗ್ಗವೂ ಹಿಂದೆಯೇ ಬಿತ್ತು. ನೀರೊಳಗೆ ಒಂದು ಬಂಡೆ. ಎಡಪಾದ.

ಕಣಕಾಲು ಊದಿಕೊಂಡಿದೆ. ಊರಲಾಗುವುದಿಲ್ಲ.

ಇದು ಬಾವಿಯಂಥ ಜಾಗ. ಹಿಂದೆ ಜಲಪಾತ. ಎರಡೂ ಕಡೆ ನುಣುಪು ಗೋಡೆ. ಮುಂದೆ ಗೋಡೆಗಳು ಕೂಡುವಲ್ಲಿ ಒಂದು ಸೀಳು, ನೀರು ಅದರೊಳಗೆ ಹೋಗುತ್ತದೆ. ಆಳ. ನಾವು ಕೂತಿರುವುದು ಒಂದು ಚೂರು ಮರಳು.

"ಎಲ್ಲಿ ಮಾರಾಯ, ನಿನ್ನ ಅಪ್ಪನ ದಾರಿ?"

ಕುಳ್ಳಯ್ಯ ಗೋಡೆಗಳನ್ನು ನೋಡಿದ, ನನ್ನನ್ನು ನೋಡಿದ. "ಇಲ್ಲೇ ಎಲ್ಲೋ ಇರ್ಬೇಕಿತ್ತು... ಅದು ಆಚೆ ಹಳ್ಳ ಇದ್ದಾತು ಸಾಯೇಬ್ರೆ. ಚಿಕ್ಕೋನಿದ್ದೆ ನಾನು."

ಆಲ್ಬನ್ ನಕ್ಕ. ನೋವಿನಲ್ಲೂ. ನನಗೆ ಕೋಪ ಬರಬೇಕಿತ್ತು.

ಅದೇ ದಿನ, ಬಿಸಿಲು ಇಳಿದ ಮೇಲೆ

ಆಲ್ಬನ್ ಕೈಯಲ್ಲೇ ಈಜಿ ಸೀಳಿನಾಚೆ ನೋಡಿ ಬಂದ. ಆಚೆ ಇನ್ನೊಂದು ಕೊಳ, ಅದರಾಚೆ ದಡ, ಮರ, ಇಳಿಜಾರು ಕಾಡು. ಆದರೆ ಅಲ್ಲಿಯವರೆಗೆ ಹಗ್ಗ ಸಾಲದು, ನಡುವೆ ಕಟ್ಟಲು ಒಂದು ಮೊಳೆಯಷ್ಟು ಕಲ್ಲೂ ಇಲ್ಲ. ಅವನು ಈಜಬಲ್ಲ, ನಡೆಯಲಾರ. ನಾನು ನಡೆಯಬಲ್ಲೆ.

ಬಲಗೋಡೆಯ ಮೇಲಿಂದ ಆಲದ ಬೇರು ಇಳಿಬಿದ್ದಿತ್ತು. ಹಳಿಗೆ ಅದೇ ಹತ್ತಿರವೆಂದು ಕುಳ್ಳಯ್ಯ ಹತ್ತುತ್ತೇನೆಂದ. ತಪ್ಪು ತನ್ನದೆಂಬ ಹಟ. ಎಲ್ಲಿಗೆ ಹೋಗಲಿ, ಎಸ್ಟೇಟಿಗೋ ಎಡಕುಮೇರಿಗೋ ಎಂದು ಕೇಳಿದ. ಎಡಕುಮೇರಿ ಎಂದೆ. ಹತ್ತಿರದ್ದು. ಸ್ಟೇಷನ್‌ನ ಜನ, ಉದ್ದದ ಹಗ್ಗ ತರಲಿ ಎಂದು.

ಹತ್ತಿದ. ತುದಿ ಮುಟ್ಟುತ್ತಿದ್ದ ಹಾಗೆ ಬೇರು ಮಣ್ಣಿನ ಸಮೇತ ಕಿತ್ತು ನಮ್ಮ ಮುಂದೆ ಬಿತ್ತು. ಅವನು ಮೇಲೆ ಹುಲ್ಲು ಹಿಡಿದು ನೇತಾಡಿ ಒಳಗೆ ಉರುಳಿದ. ಸ್ವಲ್ಪ ಹೊತ್ತಿಗೆ ತಲೆ ಕಾಣಿಸಿತು.

"ಎದರ್ಕಬ್ಯಾಡಿ! ಬೆಳಗಾಗದ್ರೊಳಗೆ ಬಂದ್ಬುಡ್ತೀನಿ! ಅಲ್ಲಾಡ್ಬ್ಯಾಡಿ ಅಲ್ಲಿಂದ!"

"ಎಲ್ಲಿಗೆ ಅಲ್ಲಾಡುವುದು ಮಾರಾಯಾ!" ಆಲ್ಬನ್ ಕೂಗಿದ.

ಅದೇ ದಿನ, ಬೆಳಕು ಹೋಗುವ ಮುಂಚೆ

ಗುಡುಗು. ದೂರ, ಎಸ್ಟೇಟಿನ ಕಡೆ.

ಮೊದಲು ಬಂದ ಯೋಚನೆ — ಐದನೇ ಬ್ಲಾಕಿಗೆ ಇನ್ನು ಸ್ಪ್ರಿಂಕ್ಲರ್ ಬೇಡ. ಖುಷಿಯಾಯಿತು. ನಿಜವಾದ ಖುಷಿ. ಕೆಲವು ಕ್ಷಣ ಹಾಗೇ ಕೂತಿದ್ದೆ.

ಆಮೇಲೆ ಏಕಾಂತಯ್ಯ.

ಈ ಕಣಿವೆಗೆ ಇಳಿಯಲು ಸಾಧ್ಯವಾದದ್ದೇ ನಾವು ಮೇಲೆ ನೀರು ಹಿಡಿದಿದ್ದರಿಂದ. ಅದು ಬೆಳಿಗ್ಗೆಯೂ ಗೊತ್ತಿತ್ತು. ಆದರೆ ಕಟ್ಟ ಎಂದರೆ ನನಗೆ ಪಂಪು, ಪೈಪು, ಬ್ಲಾಕು. ಹಳ್ಳಕ್ಕೆ ಕೆಳಗಡೆಯೂ ಇದೆ, ಅಲ್ಲಿ ಯಾರಾದರೂ ಇರಬಹುದು ಎಂಬುದು ಲೆಕ್ಕದಲ್ಲೇ ಇರಲಿಲ್ಲ. ನಾನೇ ಇದ್ದಾಗಲೂ.

ಮಳೆ ಬಿದ್ದರೆ ಕಡಿಸುತ್ತಾನೆ. ನಾವು ಸ್ಟೇಷನ್‌ನಲ್ಲಿ ಇದ್ದೇವೆಂದು ತಿಳಿದಿದ್ದಾನೆ. ಕುಳ್ಳಯ್ಯನನ್ನು ಎಸ್ಟೇಟಿಗೆ ಕಳಿಸಿದ್ದರೆ — ಕಳಿಸಲಿಲ್ಲ.

"ಏನು ಬಾವಾ, ಮುಖ ಯಾಕೆ ಹಾಗೆ?" ಕೊಂಕಣಿಯಲ್ಲಿ ಕೇಳಿದ.

ಏನಿಲ್ಲ, ಚಳಿ ಎಂದೆ.

"ಮಳೆ ಬಂದ್ರೆ ಕಷ್ಟ. ಈಗಲೇ ಹೋಗುವ. ನನ್ನ ಸೊಂಟಕ್ಕೂ ನಿಮ್ಮದಕ್ಕೂ ಹಗ್ಗ ಕಟ್ಟಿ ಎಳ್ಕೊಂಡು ಹೋಗ್ತೇನೆ. ಕಾಲು ಬೇಕಿಲ್ಲ, ಕೈ ಸಾಕು."

ಬೇಡ, ಕುಳ್ಳಯ್ಯ ಬರುತ್ತಾನೆ ಎಂದೆ. ಒಂದು ಕಾಲಿನವನಿಗೆ ನನ್ನ ಭಾರ ಕಟ್ಟುವುದು ಸರಿಯಲ್ಲ ಎಂದೆ. ಒಳ್ಳೆಯ ಮಾತಿನ ಹಾಗೆಯೇ ಕೇಳಿಸಿತು. ಕಟ್ಟದ ವಿಷಯ ಹೇಳಲಿಲ್ಲ. ಹೇಳಿ ಏನು ಪ್ರಯೋಜನ — ಕತ್ತಲಾಗುತ್ತಿದೆ. ಅವನಾದರೂ ನಿದ್ದೆ ಮಾಡಲಿ.

ಇದು ಕಾರಣವೋ ಅಭ್ಯಾಸವೋ.

13 ಮಾರ್ಚ್, ಭಾನುವಾರ, ಬೆಳಿಗ್ಗೆ

ಕುಳ್ಳಯ್ಯ ಬಂದಿಲ್ಲ. ಇರುಳು ನಾಲ್ಕು ಹನಿ, ಅಷ್ಟೆ. ಈಗ ಪಟ್ಟಿಯಷ್ಟು ಆಕಾಶ ಕಪ್ಪಗಿದೆ. ಆಲ್ಬನ್ ಕೊನೆಯ ಕಡುಬನ್ನು ಎರಡು ಪಾಲು ಮಾಡಿ ದೊಡ್ಡದನ್ನು ನನಗೆ ಕೊಟ್ಟ. ಪೆಟ್ರೀಷಿಯಾ ಈಗ ಸಕಲೇಶಪುರದಲ್ಲಿ, ಚರ್ಚಿನ ಪೂಜೆಯಲ್ಲಿರಬೇಕು. ತಮ್ಮ, ಗಂಡ ಹಳಿಯ ಮೇಲೆ ನಡೆದು ಬರುತ್ತಿದ್ದಾರೆ ಅಂದುಕೊಂಡು.

ಹೇಳಿದೆ. ಯಾಕೆ ಈಗ ಎಂದು ಗೊತ್ತಿಲ್ಲ. ಬಹುಶಃ ಕಡುಬಿನ ಪಾಲು. ಕಟ್ಟ, ಏಕಾಂತಯ್ಯ, ಆರ್ಡರ್ — ಎಲ್ಲ. ರಿಪೋರ್ಟ್ ಕೊಡುವ ಹಾಗೆ ಹೇಳಿದೆ.

ಆಲ್ಬನ್ ಕತ್ತೆತ್ತಿ ಜಲಪಾತ ನೋಡಿದ.

"ನಿನ್ನೆ ಸಂಜೆಯೇ ಗೊತ್ತಿತ್ತಾ?"

ಹೌದು.

"ಬೆಳಕಿತ್ತು ಆಗ. ನೀರು ನಿಂತಿತ್ತು." ಬೈಯುತ್ತಾನೆಂದು ಕಾದೆ. "ಅಕ್ಕ ಹೇಳ್ತಿದ್ದಳು. ಒಂದೇ ಮನೆಯಲ್ಲಿ ಇದ್ದು ಗೋಡೆ ಹತ್ತಿರ ಕಿವಿ ಇಟ್ಟ ಹಾಗೆ ಬದುಕಿದ್ದೇನೆ ಅಂತ. ಹೆಂಗಸರ ಮಾತು ಅಂದುಕೊಂಡೆ ನಾನು."

ಅವಳು ಹಾಗೆ ಹೇಳಿದ್ದು ನನಗೆ ಗೊತ್ತಿರಲಿಲ್ಲ. ಅಲ್ಲಲ್ಲ. ಅವಳ ಬಾಯಲ್ಲಿ ಕೇಳಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ

ಮೇಲೆ ಮಳೆ. ಇಲ್ಲಿ ಇನ್ನೂ ಇಲ್ಲ. ಆದರೆ ವಾಸನೆ ಬಂತು. ಜಲಪಾತದ ದಾರ ಹಗ್ಗದಷ್ಟಾಯಿತು. ತಿಳಿಯಾಗಿಯೇ ಇತ್ತು, ಆದ್ದರಿಂದ ಕಾಯೋಣವೆಂದೆ.

ಈಗ ಕೆಂಪು. ಕಟ್ಟದ ಮಣ್ಣು. ಕಡಿಸಿದ್ದಾನೆ.

ಮರಳು ಮುಳುಗಿತು. ಬಂಡೆಯ ಮೇಲೆ ನಿಂತಿದ್ದೇವೆ. ಪೂರ್ತಿ ನೀರು ಬರಲು ಹೊತ್ತು ಬೇಕು ಎಂದೆ — ಮೇಲೆ ಎರಡು ಕೊಳ ತುಂಬಬೇಕು. ಮೊದಲ ಸಲ ನನ್ನ ಲೆಕ್ಕವನ್ನು ಜೋರಾಗಿ ಹೇಳಿದ್ದು. ಹಾಗಾದರೆ ಈಗಲೇ ಎಂದ.

ಹಗ್ಗದ ಒಂದು ತುದಿ ಅವನ ಸೊಂಟಕ್ಕಿದೆ. ಇನ್ನೊಂದನ್ನು ಹಿಡಿದು ನಿಂತಿದ್ದಾನೆ, ಒಂಟಿಕಾಲಿನಲ್ಲಿ, ನನ್ನ ಭುಜ ಹಿಡಿದು. ನಾನು ಒದ್ದಾಡಿದರೆ ಅವನೂ ಮುಳುಗುತ್ತಾನೆ. ಹೇಳಿದೆ.

"ಒದ್ದಾಡ್ಬೇಡಿ ಮತ್ತೆ! ನನ್ನ ಕುತ್ತಿಗೆ ಹಿಡಿಯಬೇಡಿ, ಬೆನ್ನು ಹಿಡೀರಿ. ಬಾಯಿ ಮುಚ್ಚುವುದು ನಿಮಗೆ ಹೇಳಿಕೊಡ್ಬೇಕಾಗಿಲ್ಲ."

ಹಗ್ಗ ಕಟ್ಟಿಸಿಕೊಳ್ಳದೆ ಇಲ್ಲೇ ಉಳಿದರೆ ಅವನು ಸಲೀಸಾಗಿ ದಾಟುತ್ತಾನೆ. ಇದೂ ಲೆಕ್ಕವೇ. ಇದನ್ನೂ ಜೋರಾಗಿ ಹೇಳಿದೆನೆಂದು ಕಾಣುತ್ತದೆ, ಕೆಟ್ಟದಾಗಿ ಬೈದ.

"ಅಕ್ಕನಿಗೆ ನಾನೆಂತ ಹೇಳುವುದು? ಬರೆದದ್ದು ಸಾಕು ಬಾವಾ. ಕೈ ಎತ್ತಿ."

ಎತ್ತಿದ್ದೇನೆ. ಒಂದು ಕೈ. ಅವನು ಹಗ್ಗ ಸುತ್ತುತ್ತಿದ್ದಾನೆ, ಬಿಗಿಯಾಗಿ. ಇನ್ನೊಂದನ್ನೂ ಎತ್ತಿ ಅನ್ನುತ್ತಿದ್ದಾನೆ, ಇನ್ನೊಂದರಲ್ಲಿ