ಮತ್ತೆ ನೆಟ್ಟಗೇ ಬಂದ ಗೋಡೆ

ಅಪ್ಪಾಜಿಗೆ ನಮಸ್ಕಾರ. ಕೆಮ್ಮು ವಾಸಿಯಾಗಿದೆ, ಅಮ್ಮನಿಗೆ ಹೇಳಿಬಿಡಿ.

ಇಲ್ಲೊಂದು ಇನ್ನೂರು ವರ್ಷದ ಬಂಗಲೆ ಈಗ ಹೋಟೆಲಾಗಿದೆ. ಅದರ ತೋಟದಲ್ಲಿ ಅತಿಥಿಗಳಿಗೆಂದು ಆರು ಹೊಸ ಮನೆ ಕಟ್ಟುತ್ತಿದ್ದೇವೆ. ಮೊದಲ ಗೋಡೆಯನ್ನು ನೀವು ಕಲಿಸಿದ ಹಾಗೇ ತೂಗುಗುಂಡು ಬಿಟ್ಟು, ಕೂದಲೆಳೆಯಷ್ಟೂ ವಾಲದಂತೆ ಎಬ್ಬಿಸಿದೆ. ಇಂಜಿನಿಯರಮ್ಮ ನೋಡಿ, "ಕೆಡವಿ ಮೇಸ್ತ್ರಿ, ಹಳೇ ಬಂಗಲೆ ಥರ ಸ್ವಲ್ಪ ಸೊಟ್ಟಗಿರಬೇಕು" ಅಂದರು. ನನಗೆ ತಲೆಬುಡ ತಿಳಿಯಲಿಲ್ಲ. ದುಡ್ಡು ಕೊಟ್ಟು ಯಾರಾದರೂ ಸೊಟ್ಟ ಗೋಡೆ ಕಟ್ಟಿಸುತ್ತಾರಾ? ಕೆಡವಿ, ತೂಗುಗುಂಡನ್ನು ಚೀಲಕ್ಕೆ ಹಾಕಿ, ಬರೀ ಕಣ್ಣಳತೆಯಲ್ಲಿ ಕಟ್ಟಿದೆ. ಮತ್ತೆ ನೆಟ್ಟಗೇ ಬಂತು! ಸೋಮವಾರದೊಳಗೆ ಸೊಟ್ಟಗಾಗದಿದ್ದರೆ ಬೇರೆ ಮೇಸ್ತ್ರಿಯನ್ನು ಕರೆಸುತ್ತಾರಂತೆ.

ಸಣ್ಣವನಿದ್ದಾಗ ಗೋಡೆ ವಾಲಿದರೆ ಕರಣೆಯಲ್ಲಿ ಕೈಗೆ ಬಾರಿಸುತ್ತಿದ್ದಿರಲ್ಲ, ಆ ಕೈ ಈಗಲೂ ನಿಮಗೇ ಹೆದರುತ್ತದೆ, ನನ್ನ ಮಾತು ಕೇಳುವುದಿಲ್ಲ. "ಸೊಟ್ಟಗೆ ಕಟ್ಟು" ಅಂತ ಬೇಗ ಒಂದು ಸಾಲು ಬರೆದುಬಿಡಿ, ಈ ಕೈಗೆ ತೋರಿಸುತ್ತೇನೆ.

ನಿಮ್ಮ ಕಿರಿಮಗ