ಹೂವಿಲ್ಲದ ಅಂಗಳ

ಹಾನಗಲ್ಲ
೧೨ ಜೂನ್ ೨೦೨೫

ಚಿರಂಜೀವಿ ನೇತ್ರಾಳಿಗೆ ನಿನ್ನ ಅತ್ತೆ ಸರೋಜವ್ವ ಮನಸಾರೆ ಮಾಡುವ ಆಶೀರ್ವಾದಗಳು.

ಇಷ್ಟು ಬರೆಯುವುದಕ್ಕೇ ಒಂದೆರಡು ಹಾಳೆ ಹರಿದು ಹಾಕಿದೆ. ಸೊಸೆಗೆ ಕಾಗದ ಬರೆಯುವಾಗ ಹೆಸರಿನ ಹಿಂದೆ ‘ಸೌ.’ ಅಂತ ಹಾಕುವುದು ರೂಢಿಯಲ್ಲವೇ, ಕೈ ತಾನಾಗಿಯೇ ಅತ್ತ ಹೋಯಿತು. ನನ್ನ ಮಗ ಲೋಹಿತ ತೀರಿಕೊಂಡು ಎರಡು ವರ್ಷವಾದರೂ ಈ ಹಾಳು ಕೈಗೆ ಇನ್ನೂ ತಿಳಿದಿಲ್ಲ. ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಫೋನಿನಲ್ಲಿ ನನ್ನ ದನಿ ಹೇಗೆ ಏರುತ್ತದೆಂದು ನಿನಗೆ ಗೊತ್ತು. ನೀನು ‘ಹೂಂ ರೀ’ ಅಂದು ಇಟ್ಟುಬಿಡುತ್ತೀ. ಕಾಗದದಲ್ಲಾದರೆ ನಾನು ಜೋರು ಮಾಡಲಾರೆ.

ಇಲ್ಲಿ ಮಿರಗದ ಮಳೆ ಚಲೋ ಹಿಡಿದಿದೆ. ಹೊಸ ಮನೆಯ ಮುಂದೆ ಹಚ್ಚಿಸಿದ್ದ ಕ್ರೋಟನ್ನು, ಪಾಮು, ಬೇಲಿಯ ಹಳದಿ ಎಲೆಯ ಗಿಡ, ಎಲ್ಲವನ್ನೂ ಕೀಳಿಸಿ ಹಾಕಿದೆ. ಹಚ್ಚುವವಳೂ ನೀನೇ, ಕೀಳುವವಳೂ ನೀನೇ, ನಡುವೆ ನೀರು ಹಾಕಿದ ಮೂರ್ಖ ನಾನು ಅಂತ ನಿನ್ನ ಮಾವ ಬೈದರು. ಬೈಯಲಿ ಬಿಡು. ಈಗ ಅಂಗಳ ಖಾಲಿ ಬಿದ್ದಿದೆ. ಏನು ಹಚ್ಚಬೇಕು ಅಂತ ನಿನ್ನನ್ನು ಕೇಳೋಣವೆಂದು ಬರೆಯುತ್ತಿದ್ದೇನೆ.

ಗೇಟಿನ ಬಲಕ್ಕೆ ಪಾರಿಜಾತ ಅಂದುಕೊಂಡಿದ್ದೇನೆ. ದಿನಾ ಮುಂಜಾನೆ ಗುಡಿಸುವ ಕೆಲಸ ಹೆಚ್ಚಾಗುತ್ತದೆ, ಗುಡಿಸಿದರಾಯಿತು. ಸಂಪಿಗೆ ಬೇಕೆಂದು ನನಗೂ ಆಸೆ, ಆದರೆ ಅದು ಬೆಳೆದು ದೊಡ್ಡ ಮರವಾಗುತ್ತದೆ, ನಮ್ಮದು ಅಂಗೈಯಷ್ಟು ಜಾಗ. ದಾಸಾಳಕ್ಕೆ ಬಿಳಿ ಹುಳದ ಕಾಟ, ಆದರೂ ಒಂದಿರಲಿ, ಪೂಜೆಗೆ ಬೇಕು. ಪಡಸಾಲೆಯ ಕಿಟಕಿಯ ಕೆಳಗೆ ದಿನವಿಡೀ ಬಿಸಿಲು ಬೀಳುತ್ತದಲ್ಲ, ಅಲ್ಲಿ ದುಂಡುಮಲ್ಲಿಗೆ. ನಲ್ಲಿಯ ಪಕ್ಕದ ಅರೆನೆರಳಿಗೆ ಅಬ್ಬಲಿಗೆ. ಕೆಂಪು ಬಣ್ಣದ್ದೋ, ಹಳದಿಯದೋ, ನನಗೆ ತಿಳಿಯಲೊಲ್ಲದು.

ನೋಡು, ಗಿಡದ ಹೆಸರು ಹೇಳುತ್ತ ಹೇಳುತ್ತ ಅರ್ಧ ಕಾಗದ ಮುಗಿಸಿದೆ. ಹೇಳಬೇಕಾದದ್ದು ಇನ್ನೂ ಗಂಟಲಲ್ಲೇ ಇದೆ.

ಹಳೆಯ ಮನೆಯ ಹಿತ್ತಿಲಲ್ಲಿ ಮಲ್ಲಿಗೆ ಇತ್ತಲ್ಲ. ಲೋಹಿತ ಹೋದ ಮೇಲೂ ನೀನು ಸಂಜೆ ಮೊಗ್ಗು ಬಿಡಿಸಿ ಮಾಲೆ ಕಟ್ಟುತ್ತಿದ್ದೆ. ದೇವರಿಗೆ ಒಂದು ತುಂಡು, ನನ್ನ ತುರುಬಿಗೆ ಒಂದು ತುಂಡು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋಗುತ್ತಿದ್ದೆ. ಅರವತ್ತರ ಮುದುಕಿ ಹೂ ಮುಡಿಯಬೇಕು, ಮೂವತ್ತರ ಹುಡುಗಿ ಕೈ ಒರೆಸಿಕೊಳ್ಳಬೇಕು! ನನಗೆ ನೋಡಲಾಗುತ್ತಿರಲಿಲ್ಲ. ಅದಕ್ಕೇ ಹೊಸ ಮನೆಗೆ ಗಿಡ ಆರಿಸುವಾಗ ಸವಣೂರಿನ ನಿಯಾಜನ ನರ್ಸರಿಗೆ ಹೋಗಿ, ಹೂ ಬಿಡುವ ಗಿಡ ಒಂದೂ ಬೇಡ, ಬರೀ ಎಲೆಯ ಗಿಡ ಕೊಡು ಅಂದೆ. ಒಂದಾದರೂ ಮಲ್ಲಿಗೆ ಒಯ್ಯಿರಿ ಅಂತ ಅವನು ಮತ್ತೆ ಮತ್ತೆ ಅಂದ. ನಾನು ಗದರಿಸಿದೆ. ಕಣ್ಣಿಗೆ ಬೀಳದಿದ್ದರೆ ನಿನಗೆ ನೆನಪೂ ಆಗುವುದಿಲ್ಲ ಅಂತ ನನ್ನ ಲೆಕ್ಕ. ನನ್ನ ಜಾಣತನಕ್ಕೆ ನಾನೇ ಶಹಬ್ಬಾಸ್ ಅಂದುಕೊಂಡು ಟಂಟಂ ಗಾಡಿಯಲ್ಲಿ ಗಿಡ ಹೇರಿಸಿಕೊಂಡು ಬಂದೆ.

ವಾಸ್ತುಶಾಂತಿಯ ದಿನ ನನ್ನ ನಾದಿನಿ ತಿಪ್ಪವ್ವ ಶಿಗ್ಗಾವಿಯಿಂದ ಬಂದಳು. ಅಂಗಳ ನೋಡಿ, ಇಷ್ಟು ಚಂದ ಗಿಡ ಹಚ್ಚಿಸಿ ಒಂದೂ ಹೂವಿನದಿಲ್ಲವಲ್ಲ ಅಂದಳು. ನಾನು ಹತ್ತು ಮಂದಿಯ ಮುಂದೆ ಹೇಳಿಬಿಟ್ಟೆ:

“ನಮ್ಮ ಹುಡುಗಿ ಮುಡಿಯಂಗಿಲ್ಲಲ್ಲವಾ, ಕಣ್ಣಮುಂದ ಹೂವು ಯಾಕ? ಅಕಿ ಸಂಕಟ ಪಡಬಾರ್ದಂತ ಬರೇ ಹಸರು ಹಚ್ಚಿಸೇನಿ.”

ನನ್ನ ಬೆನ್ನ ಹಿಂದೆ ನೀನು ಕುಂಕುಮದ ತಾಟು ಹಿಡಿದು ನಿಂತಿದ್ದೆ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಮಂದಿಯೆಲ್ಲ ಹೋದ ಮೇಲೆ ನೀನು ಚೀಲ ತುಂಬಿಕೊಂಡು ಬಂದು ಹೇಳಿದ ಮಾತು ನನ್ನ ಕಿವಿಯಲ್ಲಿ ಹಾಗೇ ಕೂತಿದೆ.

“ಅತ್ತೀರಿ, ಹೂವು ನೋಡಿದ್ರ ನನಗ ಸಂಕಟ ಆಗ್ತಿದ್ದಿಲ್ರಿ. ಈ ಅಂಗಳ ನೋಡಿದ್ರ ಆಗಾಕತ್ತೈತ್ರಿ.”

ನಾನು ತಡೆಯಲಿಲ್ಲ. ಇಷ್ಟು ಮಾಡಿದರೂ ಇವಳಿಗೆ ಸೊಕ್ಕು ಅಂದುಕೊಂಡೆ. ನಿನ್ನ ಜೊತೆ ಮಾವನನ್ನು ಬಸ್‌ಸ್ಟ್ಯಾಂಡಿಗೆ ಕಳಿಸಿ ನಾನು ಪಾತ್ರೆ ತಿಕ್ಕುತ್ತ ಕುಳಿತೆ. ನೀನು ಮಾಸೂರಿನ ತವರು ಸೇರಿದೆ, ಅಲ್ಲಿಯ ಶಾಲೆಯಲ್ಲಿ ಕಲಿಸಲು ಸೇರಿಕೊಂಡೆ, ಹಬ್ಬಕ್ಕೂ ಬರಲಿಲ್ಲ.

ಹೋದ ವಾರ ನಾನು ಮಾಸೂರಿಗೆ ಬಂದಿದ್ದೆ. ನಿನ್ನ ಅವ್ವನಿಗೂ ಗೊತ್ತಿಲ್ಲ. ಕೈ ಹಿಡಿದು ಕರೆದುಕೊಂಡೇ ಬರಬೇಕೆಂದು ಹಿರೇಕೆರೂರಿನಲ್ಲಿ ಬಸ್ಸು ಬದಲಿಸಿ ಬಂದೆ. ಇಳಿದು ಶಾಲೆಯ ಹತ್ತಿರ ಬಂದರೆ ಗೇಟಿನಲ್ಲಿ ನೀನು ಹುಡುಗಿಯರ ಜೊತೆ ನಿಂತಿದ್ದೆ. ಜಡೆಯಲ್ಲಿ ಅಬ್ಬಲಿಗೆ ಹೂವು. ನೀನು ಏನೋ ಅಂದು ನಕ್ಕೆ. ಸುಳ್ಳು ಯಾಕೆ ಹೇಳಲಿ, ಮೊದಲು ನನಗೆ ಸಿಟ್ಟೇ ಬಂತು. ನನ್ನ ಮಗನನ್ನು ಇಷ್ಟು ಬೇಗ ಮರೆತಳೇ ಅಂತ ಎದೆ ಉರಿಯಿತು. ಆಮೇಲೆ ನೆನಪಿಸಿಕೊಂಡೆ: ನಮ್ಮ ಮನೆಯಲ್ಲಿ ನೀನು ನಕ್ಕದ್ದು ಯಾವಾಗ? ಎಷ್ಟು ತಡಕಾಡಿದರೂ ನೆನಪಾಗಲಿಲ್ಲ. ಸೆರಗನ್ನು ಮುಖಕ್ಕೆ ಎಳೆದುಕೊಂಡು, ಬಂದ ದಾರಿಯಲ್ಲೇ ತಿರುಗಿದೆ. ಬಸ್ಸಿನಲ್ಲಿ ಅತ್ತುಬಿಟ್ಟೆ ನೋಡವ್ವ, ಪಕ್ಕದವಳು ಯಾರ ಮಣ್ಣಿಗೆ ಹೋಗಿದ್ದಿರಿ ಅಂತ ಕೇಳುವಷ್ಟು ಅತ್ತೆ.

ಮನೆಗೆ ಬಂದು ಆ ಅಂಗಳ ನೋಡಿದಾಗ ತಿಳಿಯಿತು. ಸಂಕಟ ನಿನಗೆ ಆಗಬಾರದೆಂದು ಹಚ್ಚಿದ ಗಿಡಗಳಲ್ಲ ಅವು. ನಿನ್ನನ್ನು ನೋಡಿ ನನಗಾಗುತ್ತಿದ್ದ ಸಂಕಟವನ್ನು ಮುಚ್ಚಲು ಹಚ್ಚಿದ್ದು. ನಿನಗೆ ಏನು ಬೇಕೆಂದು ಒಂದು ಮಾತು ಕೇಳಿದ್ದರೆ ಸಾಕಿತ್ತು, ಹೂ ಮುಡಿಯಬಾರದು ಅಂತ ನಿನಗೆ ಯಾರೂ ಹೇಳಿರಲಿಲ್ಲ. ಗಿಡ ಹಚ್ಚಿಸಿ ನಾನೇ ಹೇಳಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವ ಬಾಳು ನನ್ನದು.

ನೇತ್ರಾ, ರವಿವಾರ ಒಂದು ದಿನದ ಮಟ್ಟಿಗೆ ಬಾರವ್ವ. ಇಬ್ಬರೂ ಸವಣೂರಿಗೆ ಹೋಗೋಣ, ಗಿಡ ನೀನೇ ಆರಿಸು. ನಾನು ಬಾಯಿ ಮುಚ್ಚಿಕೊಂಡು ಚೀಲ ಹಿಡಿದು ಬರುತ್ತೇನೆ. ಉಳಿದುಕೋ ಅಂತ ಒತ್ತಾಯ ಮಾಡುವುದಿಲ್ಲ. ಬರುವಾಗ ಜಡೆಯಲ್ಲಿ ಹೂವಿದ್ದರೆ ತೆಗೆಯಬೇಡ. ಓಣಿಯವರು ಏನಾದರೂ ಅಂದರೆ ಅವರಿಗೆ ನಾನಿದ್ದೇನೆ, ನನ್ನ ದನಿ ಅಷ್ಟಕ್ಕಾದರೂ ಉಪಯೋಗಕ್ಕೆ ಬರಲಿ.

ನಿನ್ನ ದಾರಿ ಕಾಯುವ,
ಅತ್ತೆ ಸರೋಜವ್ವ

ತಾ.ಕ.: ಇದನ್ನು ಬರೆಯದೇ ಲಕೋಟೆ ಅಂಟಿಸಬೇಕೆಂದಿದ್ದೆ, ಆಗಲಿಲ್ಲ. ಬಸವ ಜಯಂತಿಯ ಹೊತ್ತಿಗೆ ತಿಪ್ಪವ್ವ ನಿನಗೊಂದು ಸಂಬಂಧ ತಂದಿದ್ದಳು. ಶಿಗ್ಗಾವಿಯವರು. ಹುಡುಗನ ಹೆಸರು ಸಂಜಯ, ಅವನ ಹೆಂಡತಿಯೂ ತೀರಿಕೊಂಡಿದ್ದಾಳೆ. ನಮ್ಮ ಹುಡುಗಿಗೆ ಆ ಮನಸ್ಸಿಲ್ಲ ಅಂತ ನಿನ್ನನ್ನು ಕೇಳದೆ ನಾನೇ ಹೇಳಿ ಕಳಿಸಿದೆ. ನೀನು ಬೇರೆ ಮನೆ ಸೇರಿದರೆ ಲೋಹಿತನದು ಅಂತ ಈ ಮನೆಯಲ್ಲಿ ಏನೂ ಉಳಿಯುವುದಿಲ್ಲ ಅನ್ನಿಸಿತ್ತು. ನಿನ್ನೆ ತಿಪ್ಪವ್ವನಿಗೆ ಫೋನ್ ಮಾಡಿ, ಅದು ಹುಡುಗಿಯ ಮಾತಲ್ಲ, ನನ್ನದು ಅಂತ ತಿಳಿಸಿದ್ದೇನೆ. ಅವರು ಇನ್ನೂ ಬೇರೆ ಕಡೆ ನೋಡಿಲ್ಲವಂತೆ. ನಿನಗೆ ಒಪ್ಪಿಗೆಯಾದರೆ ನಾನೂ ನಿನ್ನ ಮಾವನೂ ಮುಂದೆ ನಿಂತು ಅಕ್ಕಿಕಾಳು ಹಾಕುತ್ತೇವೆ. ಒಪ್ಪದಿದ್ದರೆ ಈ ಮನೆ ನಿನ್ನದೇ. ಯಾವುದಿದ್ದರೂ ನೀನೇ ಹೇಳು. ನಿನ್ನ ಪರವಾಗಿ ನಾನು ಇನ್ನು ಯಾರಿಗೂ ಏನೂ ಹೇಳುವುದಿಲ್ಲ.