ಮುಗಿಯದ ಮಾರ್ಚ್

ಗದಗ,
ಮಾರ್ಚ್ 74, 2213

ನೂರಾ ಎಂಬತ್ತೇಳು ವರ್ಷಗಳ ಹಿಂದಿನ ನಮ್ಮ ಹಿರಿಯರಿಗೆ,

ಮೇಲಿನ ತಾರೀಕು ನೋಡಿ ಬರೆದವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ಅದು ಸರಿಯಾಗಿಯೇ ಇದೆ; ಮುದ್ರೆ ಒತ್ತಿದವಳು ನಾನೇ. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಒಂದೊಂದನ್ನೂ ಬಿಡಿಸಿ ಹೇಳುತ್ತೇನೆ.

ನಾನು ಗಂಗಾಂಬಿಕಾ ಅಣ್ಣಿಗೇರಿ, ನಾಡಿನ ತಾರೀಕುಗಾರ್ತಿ. ದಿನವೂ ನಸುಕಿನಲ್ಲಿ ಅಂದಿನ ತಾರೀಕಿಗೆ ಮುದ್ರೆ ಒತ್ತುವುದು ನನ್ನ ಕೆಲಸ. ಅದು ಬಿದ್ದ ಮೇಲೆಯೇ ಶಾಲೆ, ಪಡಿತರ ಅಂಗಡಿ, ಆಸ್ಪತ್ರೆಗಳ ಬಾಗಿಲು ತೆರೆಯುತ್ತವೆ. ಮಾರ್ಚ್ ಮುಗಿಯುವುದರೊಳಗೆ ಸಭೆಯವರು ಬಜೆಟ್ ಒಪ್ಪದಿದ್ದರೆ ಏಪ್ರಿಲ್ ಒಂದರಂದು ಅವೆಲ್ಲ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಅದಕ್ಕೆ ನಾವು ಬೀಗಗಾಲ ಎನ್ನುತ್ತೇವೆ. ಮಳೆಗಾಲ, ಚಳಿಗಾಲದ ಸಾಲಿನಲ್ಲಿ ಅದೂ ಒಂದು ಕಾಲವೇ ಆಗಿಹೋಗಿದೆ. ಫೆಬ್ರವರಿಯಲ್ಲೇ ಹೆಂಗಸರು ಸಂಡಿಗೆ, ಶ್ಯಾವಿಗೆಯ ಜೊತೆಗೆ ಮಾತ್ರೆಗಳನ್ನೂ ಡಬ್ಬಿಗೆ ತುಂಬಿಡುತ್ತಾರೆ. ಬೀಗಗಾಲದಲ್ಲಿ ಹುಟ್ಟಿದ ಕೂಸಿಗೆ ಬಾಗಿಲು ತೆರೆಯುವ ತನಕ ಹೆಸರಿಡುವುದಿಲ್ಲ, ಬರೆದುಕೊಳ್ಳುವವರೇ ಇರುವುದಿಲ್ಲವಲ್ಲ. ನಿಮ್ಮ ಕಾಲದಲ್ಲಿ ಇದು ದೂರದ ದೇಶದ ಸುದ್ದಿಯಾಗಿತ್ತಂತೆ. ಎರಡು ಪಕ್ಷಗಳು ಕೊನೆಯ ಗಳಿಗೆಯವರೆಗೆ ಹಗ್ಗ ಜಗ್ಗುವುದನ್ನು ನೀವು ಚಹಾ ಕುಡಿಯುತ್ತ ಓದಿ ನಕ್ಕಿರಬಹುದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ನಿಮ್ಮಿಂದಲೇ ನಮಗೆ ಬಂದದ್ದು. ಆದರೂ ನಿಮಗೆ ಅದು ನೆನಪಾಗಲಿಲ್ಲ.

ನಮ್ಮ ಸಭೆಯ ಎರಡು ಪಕ್ಷಗಳ ಈ ವರ್ಷದ ಜಗಳ ನೀರಾವರಿ ಖಾತೆ ಯಾರಿಗೆ ಎಂಬುದು. ಮಾರ್ಚ್ 31ರ ಮಧ್ಯಾಹ್ನ ನಮ್ಮೂರಿನ ಸಭಾಸದ ಸಂಗನಗೌಡರು ನನ್ನ ಕಚೇರಿಗೆ ಬಂದರು. ಅವ್ವನ ಕೈಯ ರೊಟ್ಟಿ ತಿಂದು ನಮ್ಮ ಅಂಗಳದಲ್ಲೇ ಆಡಿ ಬೆಳೆದವರು; ನಾನು ಅಣ್ಣಾ ಎಂದೇ ಕರೆಯುತ್ತಿದ್ದೆ. "ತಂಗೀ, ಒಂದ ಒಂದು ದಿನ ಬೇಕವಾ. ನಾಳಿಗೂ ಮಾರ್ಚ್ ಅಂತನ ಮುದ್ರಿ ಒತ್ತು, ಬೀಗ ಬೀಳೂದಿಲ್ಲ. ನಾಳಿಗೆ ಬಜೆಟ್ ಪಾಸ್ ಮಾಡತೇವಿ, ಚಂಪಾನ ಆಣಿಗೂ" ಎಂದರು.

ಚಂಪಾ ನನ್ನ ತಂಗಿ. ಅವಳ ಹೃದಯದ ಆಪರೇಷನ್ ಏಪ್ರಿಲ್ ನಾಲ್ಕಕ್ಕೆ ಗೊತ್ತಾಗಿತ್ತು. ಬೀಗ ಬಿದ್ದರೆ ಆಸ್ಪತ್ರೆ ಮುಚ್ಚುತ್ತಿತ್ತು. ಅದೊಂದೇ ಭಯಕ್ಕೆ ನಾನು ಒಪ್ಪಿಕೊಂಡೆ. ಮಾರ್ಚ್ 32 ಎಂದು ಈ ನಾಡಿನಲ್ಲಿ ಮೊದಲು ಬರೆದ ಕೈ ನನ್ನದು.

ಮರುದಿನ ಅವರು ಇನ್ನೊಂದು ದಿನ ಕೇಳಿದರು. ಆಮೇಲೆ ಕೇಳುವುದನ್ನೂ ಬಿಟ್ಟರು, ಆದೇಶವೇ ಬರತೊಡಗಿತು. ಬೀಗ ಬಿದ್ದಿದ್ದರೆ ಜನ ಬೀದಿಗಿಳಿಯುತ್ತಿದ್ದರು, ನಾಯಕರು ಬೆವರುತ್ತಿದ್ದರು. ಈಗ ಎಲ್ಲ ಬಾಗಿಲೂ ತೆರೆದಿದ್ದವು; ಒಳಗೆ ಹೋದರೆ ಮಾತ್ರ ಏನೂ ಸಿಗುತ್ತಿರಲಿಲ್ಲ, ಏಕೆಂದರೆ ಎಲ್ಲವೂ ಏಪ್ರಿಲ್‌ಗೆ ಗೊತ್ತಾದದ್ದು. ಶಾಲೆಯ ಮಕ್ಕಳು ಅದೇ ವಾರ್ಷಿಕ ಪರೀಕ್ಷೆಯನ್ನು ಮೂರು ಸಲ ಬರೆದರು. ಪಂಚಾಂಗಕ್ಕೆ ಸಭೆಯ ಹಂಗಿಲ್ಲ. ಯುಗಾದಿ ಬಂತು, ಬಸವ ಜಯಂತಿ ಹೋಯಿತು, ಮಾವು ಹಣ್ಣಾಯಿತು. ಆದರೂ ಮಾರ್ಚ್ ಮುಗಿಯಲಿಲ್ಲ.

ಚಂಪಾಳ ಉಸಿರಾಟ ಹದಗೆಟ್ಟು ಆಸ್ಪತ್ರೆಗೆ ಸೇರಿಸಿದೆವು. ಆದರೆ ಗೊತ್ತಾದ ತಾರೀಕು ಬರದೆ ಆಪರೇಷನ್ ಕೋಣೆ ತೆರೆಯುವುದಿಲ್ಲ. ಡಾಕ್ಟರು ಕೈ ಚೆಲ್ಲಿದರು. ನಾನೇ ಧೈರ್ಯ ಮಾಡಿ ಏಪ್ರಿಲ್ ಎಂದು ಒತ್ತಿದರೆ ಇಡೀ ಆಸ್ಪತ್ರೆಗೆ ಬೀಗ ಬೀಳುತ್ತದೆ, ಅವಳಿಗೆ ಉಸಿರು ಕೊಡುತ್ತಿದ್ದ ಯಂತ್ರವೂ ನಿಲ್ಲುತ್ತದೆ. ಒತ್ತದಿದ್ದರೆ ನಾಲ್ಕನೆಯ ತಾರೀಕು ಬರುವುದೇ ಇಲ್ಲ. ಅತ್ತ ದರಿ, ಇತ್ತ ಪುಲಿ. ಸಂಗನಗೌಡರ ಮನೆಗೆ ಹನ್ನೊಂದು ಸಲ ಹೋದೆ. ಕೊನೆಕೊನೆಗೆ ಮನೆಯೊಳಗಿದ್ದೇ ಇಲ್ಲವೆಂದು ಹೇಳಿಸಿದರು. ಚಂಪಾ ಮಾತ್ರ ನನ್ನನ್ನು ಛೇಡಿಸುತ್ತಿದ್ದಳು. "ಊರಿಗೆಲ್ಲಾ ತಾರೀಕು ಹಂಚತಿ ಅಕ್ಕಾ, ನನಗೊಂದು ನಾಕನೇ ತಾರೀಕು ತಂದುಕೊಡಾಕ ಆಗವಲ್ದೇನ?"

ಮಾರ್ಚ್ 68ರಂದು ಅವಳು ತೀರಿಕೊಂಡಳು.

ನಿನ್ನೆ ಎರಡೂ ಪಕ್ಷಗಳು ಒಪ್ಪಿದವು. ನಮ್ಮ ಮೇಲಿನ ಕರುಣೆಯಿಂದಲ್ಲ. ಏಪ್ರಿಲ್ ಬಾರದೆ ಸಭಾಸದರ ಬೇಸಿಗೆ ರಜೆ ಶುರುವಾಗುತ್ತಿರಲಿಲ್ಲ. ಅರ್ಧ ಗಂಟೆಯಲ್ಲಿ ಮಾತು ಮುಗಿಯಿತು. ಖಾತೆಯನ್ನು ಆರಾರು ತಿಂಗಳು ಹಂಚಿಕೊಂಡರಂತೆ. ಈ ಸೂತ್ರ ಮಾರ್ಚ್ 30ರಂದೇ ಅವರ ಮೇಜಿನ ಮೇಲಿತ್ತು ಎಂದು ಈಗ ತಿಳಿಯಿತು. ಸಂಗನಗೌಡರು ಕಚೇರಿಗೆ ಪೇಡೆ ಕಳಿಸಿದ್ದಾರೆ. ವೈರಿಯಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಅಣ್ಣ ಎನ್ನಿಸಿಕೊಂಡವರು ನಂಬಿಸಿ ಕತ್ತು ಕೊಯ್ದರು. ಅವರ ಮೇಲೆ ನನಗೆ ಸಿಟ್ಟಿದೆ, ನನ್ನ ಮೇಲೆ ಅದಕ್ಕಿಂತ ಹೆಚ್ಚಿದೆ, ಸುಮ್ಮನೆ ನಕ್ಕ ನಿಮ್ಮ ಮೇಲೂ ಇದೆ.

ನಿಮ್ಮನ್ನು ಕೇಳಿಕೊಳ್ಳುವುದು ಇಷ್ಟೇ. ನಾಯಕರು ಜಗಳವಾಡುತ್ತ ಗಡುವಿನ ಅಂಚಿಗೆ ಬಂದು ನಿಂತಾಗ, ಅವರ ಮಾನ ಉಳಿಸಲು ಯಾವ ನೌಕರನೂ ಉಪಾಯ ಹುಡುಕಿ ಕೊಡದಿರಲಿ. ಬೀಗ ಬೀಳಲಿ, ಅದರ ಸದ್ದು ಎಲ್ಲರ ಮನೆಗೂ ಕೇಳಲಿ.

ನಾಳೆ ಏಪ್ರಿಲ್ ಒಂದು. ರೋಗಿಗಳಿಗೆ ಸೂಚನೆ ಕಳಿಸುವ ಆಸ್ಪತ್ರೆಯ ಯಂತ್ರಗಳು ಆಗಲೇ ತಯಾರಾಗಿವೆ. ಇವತ್ತು ಮಧ್ಯಾಹ್ನ ಚಂಪಾಳ ಹೆಸರಿಗೆ ಸೂಚನೆ ಬಂದಿದೆ. ನಾಲ್ಕರ ಬೆಳಿಗ್ಗೆ ಎಂಟಕ್ಕೆ ಬರಿಹೊಟ್ಟೆಯಲ್ಲಿ, ಮನೆಯವರೊಬ್ಬರನ್ನು ಕರೆದುಕೊಂಡು ಬರಬೇಕಂತೆ. ಆ ದಿನಕ್ಕೂ ನಾನೇ ಮುದ್ರೆ ಒತ್ತಬೇಕು.

ಗಂಗಾಂಬಿಕಾ